ಕೋರ್‌ದೆರೆ

ಸರ್ವರ್‌ಗಳಿಗೆ ಹೆಸರಿಡುವುದೆಂದರೆ ನಮ್ಮ ಕಸುಬಿನವರಿಗೆ ನಾಮಕರಣದ ಸಡಗರ. ಕೆಲವರು ಗ್ರಹಗಳ ಹೆಸರಿಡುತ್ತಾರೆ, ಕೆಲವರು ಪಾಂಡವರದ್ದು. ನಾನು ಊರಿನದ್ದೇ ಇಟ್ಟೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರ ‘ಅರಸೀಕೆರೆ’. ಬೇಲೂರು, ಹಳೇಬೀಡು ನೋಡಬಂದವರು ರೈಲಿಳಿಯುವ ಜಂಕ್ಷನ್ ನಮ್ಮದಲ್ಲವೇ? ಅದರೊಳಗಿನ ಮೊದಲ ಎರಡು ವರ್ಚುವಲ್ ಯಂತ್ರಗಳಿಗೆ ಆ ಎರಡೂರಿನ ಹೆಸರು. ಬೇಲೂರು ಪಾಸ್‌ವರ್ಡ್‌ಗಳನ್ನು ಕಾಯುತ್ತದೆ, ಹಳೇಬೀಡು ಫೈಲುಗಳನ್ನು. ಕಾಯಿ ಒಣಗಿ ಕೊಬ್ಬರಿಯಾಗುವ ಅಟ್ಟದ ಕೆಳಗೆ ಎಲ್ಲವೂ ಸೇರಿ ಹಗಲಿರುಳು ಗುಂಯ್ ಎನ್ನುತ್ತವೆ.

ಯಂತ್ರದಲ್ಲಿ ಎರಡು ಪ್ರೊಸೆಸರ್, ತಲಾ 6 ಕೋರ್ (ದುಡಿಯುವ ಘಟಕ), ಒಟ್ಟು 12. ಪರದೆ 24 ಎಂದು ತೋರಿಸುತ್ತದೆ. ಅವು ಒಂದೊಂದು ಕೋರ್ ಎರಡಾಗಿ ಕಾಣುವ ಥ್ರೆಡ್‌ಗಳು, ಲೈಸೆನ್ಸ್ ಲೆಕ್ಕಕ್ಕೆ ಬರುವುದಿಲ್ಲ. ಆದರೆ ವಿಂಡೋಸ್ ಸರ್ವರ್‌ನ ನಿಯಮದಲ್ಲಿ ಪ್ರೊಸೆಸರಿಗೆ ಕನಿಷ್ಠ 8, ಯಂತ್ರಕ್ಕೆ ಕನಿಷ್ಠ 16 ಕೋರ್‌ಗೆ ಲೈಸೆನ್ಸ್ ಇರಬೇಕು.

“ಇರೋದು ಹನ್ನೆರಡು, ದುಡ್ಡು ಹದಿನಾರಕ್ಕಾ?” ಅಪ್ಪ ಕೇಳಿದರು.

“ಹೂಂ ಕಣಪ್ಪ, ಅದು ಕನಿಷ್ಠ.”

“ನಮ್ಮ ಮಂಡಿಯೋರಿಗೂ ಇದು ಹೊಳೆದಿರ್ಲಿಲ್ಲ ಬಿಡು.”

ಮೊದಲು ಹೀಗಿರಲಿಲ್ಲ. ಒಂದು ಪ್ರೊಸೆಸರ್ ಎಂದರೆ ಒಂದೇ ಕೋರ್ ಆಗಿದ್ದಾಗ ಯಾವುದನ್ನು ಎಣಿಸಿದರೂ ಅಷ್ಟೇ ಬರುತ್ತಿತ್ತು. 2005ರಲ್ಲಿ ಎಎಂಡಿ, ಇಂಟೆಲ್ ಎರಡೂ ಜೋಡಿ ಕೋರ್‌ನ ಪ್ರೊಸೆಸರುಗಳನ್ನು ಮಾರುಕಟ್ಟೆಗೆ ಬಿಟ್ಟವು. ಒರೇಕಲ್ ಕೋರ್ ಎಣಿಸತೊಡಗಿತು. ಮೈಕ್ರೋಸಾಫ್ಟ್ ವಿಂಡೋಸ್ ಸರ್ವರ್‌ಗೆ ಕೋರ್ ಎಣಿಸದೆ ಉಳಿಯಿತು. ದೊಡ್ಡ ಪ್ರೊಸೆಸರುಗಳಲ್ಲಿ ಕೋರ್‌ಗಳು ಇಪ್ಪತ್ತು ದಾಟುವ ಹೊತ್ತಿಗೆ, ವಿಂಡೋಸ್ ಸರ್ವರ್ 2016ರಿಂದ, ಅದೂ ಕೋರ್ ಲೆಕ್ಕಕ್ಕೆ ಬಂತು. 2023ರ ನವೆಂಬರ್‌ನಲ್ಲಿ ವರ್ಚುವಲ್ ಯಂತ್ರಗಳ ತಂತ್ರಾಂಶದ ವಿಎಂವೇರ್ ಅನ್ನು ಕೊಂಡ ಬ್ರಾಡ್‌ಕಾಮ್, ಅದನ್ನೂ ಕೋರ್ ಲೆಕ್ಕದ ಚಂದಾ ಪದ್ಧತಿಗೆ ಹಾಕಿತು.

ನಮ್ಮ ಸೀಮೆಗೆ ಈ ಲೆಕ್ಕ ಹೊಸದೇನಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ ಕಾಣುತ್ತವೆ. ಮನೆಗೊಂದು ತೆರಿಗೆ ಎಂದರೆ ನಾಲ್ಕು ಮಗ್ಗದವನೂ ಒಂದು ಮಗ್ಗದವನೂ ಒಂದೇ ಆಗಿಬಿಡುತ್ತಾರೆ. ದುಡಿಯುವುದು ಯಾವುದೋ ಅದನ್ನು ಎಣಿಸು: ಸುಂಕದವರು ಅಂದೇ ಕಂಡುಕೊಂಡ ಸತ್ಯ ಇದು. ಆದರೆ ಮನೆಯಲ್ಲಿ ಇಲ್ಲದ ಮಗ್ಗಕ್ಕೂ ತೆರಿಗೆ ಹಾಕುವ ಜಾಣತನ ನಮ್ಮ ಕಾಲದ್ದು.

ಅದಕ್ಕಿಂತ ಸ್ವಾರಸ್ಯದ್ದು ಮುಂದಿದೆ. ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ 16 ಕೋರ್‌ಗೂ ತೆತ್ತರೆ ಎರಡು ವರ್ಚುವಲ್ ಯಂತ್ರಗಳಿಗೆ ಅನುಮತಿ. ಬೇಲೂರು ಒಂದು, ಹಳೇಬೀಡು ಎರಡು, ಅಲ್ಲಿಗೆ ಮುಗಿಯಿತು. ‘ಹಾರನಹಳ್ಳಿ’ ಎಂದು ಮೂರನೆಯದನ್ನೂ ವಿಂಡೋಸ್‌ನಲ್ಲೇ ಎಬ್ಬಿಸಬೇಕೆಂದರೆ ಮತ್ತೆ ಹದಿನಾರಕ್ಕೂ ಮೊದಲಿನಿಂದ ತೆರಬೇಕು. ಎಷ್ಟನ್ನಾದರೂ ಎಬ್ಬಿಸಿಕೋ ಎನ್ನುವ ಡೇಟಾಸೆಂಟರ್ ಆವೃತ್ತಿಯೂ ಇದೆ. ಅದರ ಬೆಲೆ ಅಪ್ಪನಿಗೆ ಹೇಳಲಿಲ್ಲ.

ಕಲಿಯುವವರಿಗೆ ದಾರಿಗಳಿವೆ. ಬೇಲೂರು, ಹಳೇಬೀಡಿನಲ್ಲಿ ಈಗ ಓಡುತ್ತಿರುವುದು 180 ದಿನದ ಪರೀಕ್ಷಾ ಆವೃತ್ತಿ. ಇವೆಲ್ಲವನ್ನೂ ಹೊತ್ತಿರುವ ಪ್ರಾಕ್ಸ್‌ಮಾಕ್ಸ್ ಪುಕ್ಕಟೆ. ಅದರವರು ದುಡ್ಡು ಕೇಳುವುದು ಬೆಂಬಲ ಬೇಕೆಂದವರಿಂದ, ಅದೂ ಪ್ರೊಸೆಸರ್ ಸಾಕೆಟ್ಟಿನ ಲೆಕ್ಕದಲ್ಲಿ. ಹಾರನಹಳ್ಳಿಯಲ್ಲಿ ಲಿನಕ್ಸ್ ಹಾಕಿದೆ.

“ಅದಕ್ಕೆಷ್ಟು?”

“ಸರ್ವಮಾನ್ಯ. ತೆರಿಗೆಯೇ ಇಲ್ಲ.”

“ಮತ್ತೆ ಮೂರಕ್ಕೂ ಅದನ್ನೇ ಹಾಕ್ಬಾರ್ದೇನೋ?”

ಹಾಕಬಹುದಿತ್ತು. ಆದರೆ ನನ್ನ ಆಫೀಸಿನಲ್ಲಿ ಓಡುವುದು ವಿಂಡೋಸ್. ಸಂಬಳ ಬರುವುದೂ ಅದರಿಂದಲೇ. ತೆರಿಗೆಗೆ ಹೆದರಿ ನೇಕಾರ ಮಗ್ಗ ಬಿಡಲಾರ. ಅದು ಎಣಿಸುವವರಿಗೂ ಗೊತ್ತು.