ಹರಡಿನ ಮೇಲಿನ ಕಲೆ

"ಸರ್, ನರಾ ಸಿಗವಲ್ದು."

ಮಳೆಗಾಲದ ರಾತ್ರಿ ಸಿಸ್ಟರ್ ಹೀಗೆಂದರೆ ಮುಂದಿನದು ನನಗೆ ಗೊತ್ತಿರುತ್ತಿತ್ತು. ಚಿಕ್ಕೇರೂರಿನ ಕಡೆಯಿಂದ ವಾಂತಿ-ಭೇದಿಯವರನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತರುವ ಹೊತ್ತಿಗೆ ಕಣ್ಣು ಗುಳಿಬಿದ್ದು, ಕೈ ತಣ್ಣಗಾಗಿ, ನರಗಳೆಲ್ಲ ಬೇಸಿಗೆಯ ಹಳ್ಳದ ಹಾಗೆ ಬತ್ತಿರುತ್ತಿದ್ದವು. ಟಾರ್ಚಿನ ಬೆಳಕು ಆಗ ಕಾಲಿಗೆ ಇಳಿಯುತ್ತಿತ್ತು. "ಎಪ್ಪಾ, ಕೈ ಬಿಟ್ಟು ಕಾಲ್ಯಾಕ ಕೊಯ್ತೀರಿ?" ಎಂದು ತಾಯಂದಿರು ಗಾಬರಿಬೀಳುತ್ತಿದ್ದರು.

ಯಾಕೆಂದರೆ ಕೈಯ ನರಗಳು ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿಯುತ್ತವೆ. ಕಾಲಿನ ಸಫೀನಸ್ ರಕ್ತನಾಳ ಹಾಗಲ್ಲ. ಒಳಹರಡಿನ ಎಲುಬಿಗಿಂತ ಸುಮಾರು 2 ಸೆಂಟಿಮೀಟರ್ ಮುಂದೆ, ಅಷ್ಟೇ ಮೇಲೆ, ಚರ್ಮದ ಕೆಳಗೇ ಅದು ಕಾದಿರುತ್ತದೆ. ಕೂಸಿಗೆ ಅಳತೆ ಕಿರಿದು, ಜಾಗ ಅದೇ; ಮುದುಕರಿಗೂ ಅಲ್ಲೇ. ಹುಬ್ಬಳ್ಳಿಯ ಕೆಎಂಸಿಯಲ್ಲಿ ಹೆಣ ಕೊಯ್ದು ಕಲಿತ ಅನಾಟಮಿಯಲ್ಲಿ ಬಾಕಿಯೆಲ್ಲ ಮರೆತೆ, ಇದೊಂದು ಬೆರಳಿನಲ್ಲಿ ಉಳಿಯಿತು. ಮರಗಟ್ಟಿಸಲು ಝೈಲೊಕೇನ್ ಚುಚ್ಚಿ ಅಡ್ಡಕ್ಕೆ ಅಂಗುಲದಷ್ಟು ಕೊಯ್ದು, ಮಸ್ಕಿಟೊ ಫೋರ್ಸೆಪ್ಸಿನಿಂದ ನಾಳವನ್ನು ಬಿಡಿಸಿ, ಅಡಿಗೆ ಎರಡು ರೇಷ್ಮೆ ದಾರ ತೂರಿಸುವುದು. ಕೆಳಗಿನದನ್ನು ಕಟ್ಟಿ, ಮೇಲಿನದನ್ನು ಎತ್ತಿ ಹಿಡಿದು, ಸಣ್ಣ ಕಚ್ಚು ಹಾಕಿ ಟ್ಯೂಬ್ ಒಳಗಿಳಿಸುವುದು. ಎಷ್ಟೋ ಸಲ ಅದು ಕೂಸುಗಳಿಗೆ ಹಾಲು ಕೊಡುವ ಫೀಡಿಂಗ್ ಟ್ಯೂಬೇ. ಪಕ್ಕದಲ್ಲೇ ಹಾದುಹೋಗುವ ಸಂವೇದನೆಯ ತಂತುವನ್ನೂ ದಾರದಲ್ಲಿ ಸಿಕ್ಕಿಸಿದರೆ ಪಾದದ ಒಳಮಗ್ಗಲು ಜೋಮು ಹಿಡಿಯುತ್ತದೆ. ಸಲೈನ್ ಧಾರೆಯಾಗಿ ಇಳಿಯತೊಡಗಿದರೆ ಅರ್ಧ ಗಂಟೆಯೊಳಗೆ ರೋಗಿ ನೀರು ಕೇಳಿದ್ದನ್ನು ಕಂಡಿದ್ದೇನೆ.

ಈಗ ಇದನ್ನು ಮಾಡುವವರು ಅಪರೂಪ. ಮಾಡಬಾರದು ಕೂಡ. ಕೀವು ತುಂಬುತ್ತಿತ್ತು, ನಾಳ ಉರಿಯೂತಕ್ಕೆ ಸಿಕ್ಕುತ್ತಿತ್ತು. ಒಮ್ಮೆ ಕಟ್ಟಿದ ಜಾಗದಲ್ಲಿ ಆ ನಾಳ ಮುಗಿದಂತೆಯೇ. ಹೃದಯದ ಬೈಪಾಸಿಗೆ ಬೇಕಾಗುವುದು ಇದೇ ನಾಳವೆಂದು ಆಗ ಯಾರು ಯೋಚಿಸಿದ್ದರು! ಬರಬರುತ್ತ ಇದರ ಅಗತ್ಯವೂ ತಗ್ಗಿತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು-ಸಕ್ಕರೆಯ ನೀರು ಕುಡಿಸಿ ಕಾಲರಾ ಗೆದ್ದಿದ್ದರು. ಆ ಓಆರ್‌ಎಸ್ ಪೊಟ್ಟಣ ನಮ್ಮ ಹಳ್ಳಿಗಳ ಮನೆಮನೆಗೂ ಬಂದ ಮೇಲೆ ಅಂಥ ರಾತ್ರಿಗಳೇ ಕಡಿಮೆಯಾದವು. 2008ರಲ್ಲಿ 108 ಆಂಬುಲೆನ್ಸ್ ಬಂತು. ಈಗಿನ ಹುಡುಗರು ಮೊಣಕಾಲಿನ ಕೆಳಗಿನ ಎಲುಬಿಗೇ ಸೂಜಿ ಇಳಿಸಿ ಒಂದು ನಿಮಿಷದಲ್ಲಿ ಮುಗಿಸುತ್ತಾರೆ, ಇಲ್ಲವೇ ಅಲ್ಟ್ರಾಸೌಂಡ್ ಪರದೆಯಲ್ಲಿ ಕುತ್ತಿಗೆಯ ನಾಳ ಹುಡುಕುತ್ತಾರೆ. ಹೊಟ್ಟೆಕಿಚ್ಚಲ್ಲ, ಆದರೂ ಕಣ್ಣಿಗೆ ಕಾಣದ್ದನ್ನು ನಂಬಿ ಬ್ಲೇಡು ಇಡುವ ಆ ಧೈರ್ಯವನ್ನು ನನ್ನ ಕೈ ಇನ್ನೂ ಮರೆತಿಲ್ಲ.

ಹೋದ ವರ್ಷ ಚಿಕ್ಕೇರೂರಿನಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಎದುರಿನ ಅಜ್ಜಿಯ ಹರಡಿನ ಮೇಲೆ ಬೆಳ್ಳಗಿನ ಅಡ್ಡಗೆರೆ ಕಂಡಿತು. ಮೊಮ್ಮಗಳು ಅದನ್ನೇ ಬೆರಳಿನಿಂದ ಸವರುತ್ತ ಏನೆಂದು ಕೇಳುತ್ತಿದ್ದಳು.

"ಸಲಾಯಿನ್ ಹಚ್ಚಿದ್ದವ್ವಾ," ಎಂದಳು ಅಜ್ಜಿ.

"ಕಾಲಿಗೆ?" ಎಂದು ಹುಡುಗಿ ನಕ್ಕಳು.