ಕರದಂಟಿನ ಅಂಟು, ಬಂಗಾರದ ಕಣ, ಸಿಟಿ ಸ್ಕ್ಯಾನ್ (ಭಾಗ 4)

1/5
ಗೋಕಾಕ ಕರದಂಟು ಎಲ್ಲರೂ ತಿಂದೀರಿ. ಹೆಸರಿನಾಗೇ ಗುಟ್ಟು ಐತಿ: ತುಪ್ಪದಾಗ ಕರಿದ ಅಂಟು. ಗಿಡದಿಂದ ಬರುವ ಅಂಥದೇ ಒಂದು ಅಂಟು ಬಂಗಾರದ ಜೋಡಿ ಸೇರಿ ಸಿಟಿ ಸ್ಕ್ಯಾನ್ ಸಂಶೋಧನೆಗೂ ಹೋಗೇತಿ ಅಂದ್ರ ನಂಬತೀರಿ?

2/5
ಮೊದಲು ಬೇಸಿಕ್. ಎಲುಬು ಎಕ್ಸ್‌ರೇ ತಡೀತೈತಿ, ಅದಕ್ಕ ಬೆಳ್ಳಗ ಕಾಣತೈತಿ. ಆದ್ರ ಲಿವರ್, ರಕ್ತನಾಳ, ಗಡ್ಡೆ ಎಲ್ಲಾ ಹೆಚ್ಚೂಕಡಿಮೆ ಒಂದೇ ಬೂದು ಬಣ್ಣ. ಬ್ಯಾರೆ ಬ್ಯಾರೆ ಕಾಣಬೇಕಂದ್ರ ನರಕ್ಕೆ ಕಾಂಟ್ರಾಸ್ಟ್ ಕೊಡತಾರ. ನಮ್ಮ ಮಂದಿ ‘ಬಣ್ಣದ ಇಂಜೆಕ್ಷನ್’ ಅಂತಾರ. ಅದರಾಗ ಬಣ್ಣ ಇರೂದಿಲ್ಲ, ಇರೋದು ಅಯೋಡಿನ್, ಪರಮಾಣು ಸಂಖ್ಯೆ 53. 100 ಎಂಎಲ್ ಕೊಟ್ಟರ ಅದರಾಗ ಸುಮಾರು 30 ಗ್ರಾಂ ಅಯೋಡಿನ್. ಬಂಗಾರದ ಅಂಗಡಿ ಲೆಕ್ಕದಾಗ ಮೂರು ತೊಲಿ! ಅಷ್ಟನ್ನೂ ಹೊರಗ ಹಾಕೋದು ಕಿಡ್ನಿ. ಅದಕ್ಕೇ ಮೊದಲು ಕ್ರಿಯೇಟಿನೈನ್ ಟೆಸ್ಟ್.

3/5
ಹೋದ ವರ್ಷ ದೊಡ್ಡಪ್ಪನ್ನ ದಡ್ಡಿಯಿಂದ ಬೆಳಗಾವಿಗೆ ಕರ್ಕೊಂಡು ಹೋಗಿದ್ವಿ. ಶುಗರ್ ಹಳೇದು, ಕ್ರಿಯೇಟಿನೈನ್ ಜಾಸ್ತಿ. ಕಾಂಟ್ರಾಸ್ಟ್ ಬ್ಯಾಡ ಅಂದ್ರು, ಪ್ಲೇನ್ ಸ್ಕ್ಯಾನ್ ಮಾಡಿದ್ರು. ಲಿವರ್‌ನಾಗ ಸಣ್ಣದೊಂದು ಏನೋ ಐತಿ, ಏನಂತ ಹೇಳಾಕ ಬರೂದಿಲ್ಲ ಅಂದ್ರು. “ಇಷ್ಟು ದೊಡ್ಡ ಮಷೀನ್ ಐತಿ, ನನ್ನ ಹೊಟ್ಟ್ಯಾಗಿಂದು ಕಾಣಂಗಿಲ್ಲೇನೋ?” ಅಂತ ದೊಡ್ಡಪ್ಪ ಕೇಳಿದ್ರು. ಕಡೀಕ ಎಂಆರ್‌ಐ ಮಾಡಿಸಿದ ಮ್ಯಾಲೆ ಬರೀ ನೀರಿನ ಗುಳ್ಳಿ ಅಂತ ಗೊತ್ತಾತು. ನಡುವಿನ ಹನ್ನೊಂದು ದಿನ ಮನ್ಯಾಗ ಯಾರೂ ಹೊಟ್ಟಿ ತುಂಬ ಉಣ್ಣಲಿಲ್ಲ.

4/5
ಅಯೋಡಿನ್ ಬಿಟ್ಟು ಬ್ಯಾರೆ ಏನೂ ಇಲ್ಲೇನು ಅಂತ ಹುಡುಕಿದಾಗ ಸಿಕ್ಕಿದ್ದು ಬಂಗಾರ. ಪರಮಾಣು ಸಂಖ್ಯೆ 79. 2006ರಲ್ಲಿ ಅಮೆರಿಕದ ಹೈನ್‌ಫೆಲ್ಡ್ ತಂಡ 1.9 ನ್ಯಾನೊಮೀಟರ್ ಗಾತ್ರದ ಬಂಗಾರದ ಕಣಗಳನ್ನು ಇಲಿಗಳಿಗೆ ಕೊಟ್ಟಿತು. ರಕ್ತನಾಳ, ಕಿಡ್ನಿ, ಗಡ್ಡೆ ಎಲ್ಲ ಎಕ್ಸ್‌ರೇಯಲ್ಲಿ ಎದ್ದು ಕಂಡವು. ಅವರ ಲೆಕ್ಕದ ಪ್ರಕಾರ 100 ಕೆಇವಿ ಶಕ್ತಿಯ ಎಕ್ಸ್‌ರೇಯನ್ನು ಬಂಗಾರ, ಅಷ್ಟೇ ತೂಕದ ಅಯೋಡಿನ್‌ಗಿಂತ ಸುಮಾರು 2.7 ಪಟ್ಟು ಹೆಚ್ಚು ತಡೆಯುತ್ತದೆ.

ಇಲ್ಲಿ ಬರತೈತಿ ಅಂಟು. ಬಂಗಾರದ ಕಣಗಳನ್ನ ಬರೀ ಹಂಗ ಬಿಟ್ಟರ ಒಂದಕ್ಕೊಂದು ಅಂಟಿ ಗಂಟಾಗತಾವ. ಮಿಸೌರಿ ವಿಶ್ವವಿದ್ಯಾಲಯದ ಕಟ್ಟೇಶ ಕಟ್ಟಿ, ನಮ್ಮ ಕರ್ನಾಟಕದವರೇ, ತಮ್ಮ ತಂಡದ ಜೋಡಿ 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕಣಗಳಿಗೆ ಗಮ್ ಅರಾಬಿಕ್ ಹೊದಿಸಿದರು. ಅದು ಜಾಲಿ ಬಳಗದ ಗಿಡದ ಅಂಟು. ಆ ಕಣ ಹಂದಿಗಳ ಮೈಯಲ್ಲಿ ಎಲ್ಲೆಲ್ಲಿ ಹೋಗುತ್ತದೆ, ಎಕ್ಸ್‌ರೇಗೆ ಎಷ್ಟು ಕಾಣುತ್ತದೆ ಅಂತ ಅಳೆದರು.

5/5
ಹಂಗಾರ ಆಸ್ಪತ್ರೆಗೆ ಯಾಕ ಬಂದಿಲ್ಲ? ಒಂದು, ರೊಕ್ಕ. ಆ 2.7 ಪಟ್ಟಿನ ಲೆಕ್ಕ ಹಿಡಿದರೂ ಒಂದು ಸ್ಕ್ಯಾನಿಗೆ ತೊಲಿ ಮ್ಯಾಲೆ ಬಂಗಾರ ಬೇಕು. ಎರಡು, ಹೊರಗ ಹೋಗುವ ದಾರಿ. 5–6 ನ್ಯಾನೊಮೀಟರಿಗಿಂತ ಸಣ್ಣ ಕಣ ಕಿಡ್ನಿ ದಾಟಿ ಮೂತ್ರದಾಗ ಹೋಗತೈತಿ, ಅಂದ್ರ ಮತ್ತ ಕಿಡ್ನಿ ಮ್ಯಾಲೇ ಭಾರ. ದೊಡ್ಡ ಕಣ ಲಿವರ್, ಗುಲ್ಮದಾಗ ಕುಂತುಬಿಡತೈತಿ, ತಿಂಗಳಾದ್ರೂ ಏಳೂದಿಲ್ಲ. ದೊಡ್ಡಪ್ಪನಂಥವರಿಗೆ ಎರಡೂ ದಾರಿ ಇನ್ನಾ ಪೂರಾ ತೆರೆದಿಲ್ಲ. ಚಂದ ಕಂಡರ ಸಾಲದು, ಕಂಡ ಮ್ಯಾಲೆ ಮೈಬಿಟ್ಟು ಹೋಗಬೇಕು. ಸಂಶೋಧನೆ ನಿಂತಿರೋದು ಅಲ್ಲೇ.

ಅಲ್ಲಿತನಕ ಒಂದು ಕೆಲಸ ಮಾಡ್ರಿ. ಮನಿಯವರು ಯಾರಾದ್ರೂ ಸ್ಕ್ಯಾನಿಗೆ ಹೊಂಟರ ಹಳೇ ರಿಪೋರ್ಟ್ ಜೋಡಿ ಇರಲಿ. ಕಿಡ್ನಿ ತ್ರಾಸು, ಶುಗರ್ ಗುಳಿಗಿ, ಹಿಂದಿನ ಅಲರ್ಜಿ, ಮೂರನ್ನೂ ಅವರು ಕೇಳೂಕಿಂತ ಮೊದಲ ನೀವೇ ಹೇಳ್ರಿ.

#ದಡ್ಡಿ #ಗೋಕಾಕ #ಹುಕ್ಕೇರಿ #ಕನ್ನಡದಾಗವಿಜ್ಞಾನ