ಇನ್ನೂರು ಗಾಜಿನ ಕಿಟಕಿ

ಚಿಪ್ಪನಂ ಕಡೆಯಿಂದ ಬಂದ ಬಸ್ಸು ನಿಮ್ಮನ್ನು ಇಂಗ್ಲೆಂಡಿನ ಲೇಕಾಕ್‌ನಲ್ಲಿ ಇಳಿಸಿ ಹೋಗಿದೆ. ಮಳೆ ಈಗಷ್ಟೇ ನಿಂತಿದೆ. ಕಲ್ಲುಹೆಂಚಿನ ಮಾಡುಗಳಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿದೆ. ಈ ಬೀದಿಯಲ್ಲಿ ಏನೋ ಒಂದು ಕಾಣೆಯಾಗಿದೆ ಅನ್ನಿಸುತ್ತದೆ. ಏನೆಂದು ಹೊಳೆಯಲು ಎರಡು ನಿಮಿಷ ಬೇಕು: ತಲೆಯ ಮೇಲೆ ತಂತಿಗಳೇ ಇಲ್ಲ. ಕರೆಂಟು ಕಂಬವಿಲ್ಲ, ಸೂರಿನ ಮೇಲೆ ಟಿ.ವಿ. ಆಂಟೆನಾ ಇಲ್ಲ. 1995ರಲ್ಲಿ ಬಿಬಿಸಿ ತೋರಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಧಾರಾವಾಹಿಯ ಪೇಟೆಬೀದಿ ಇದೇ.

ಇರುವುದೇ ನಾಲ್ಕು ಬೀದಿ. ಈಸ್ಟ್ ಸ್ಟ್ರೀಟಿನ ಮೂಲೆಯಲ್ಲಿ 14ನೆಯ ಶತಮಾನದ ಕಣಜವಿದೆ. ಒಳಗೆ ಕಾಲಿಟ್ಟರೆ ತಂಪು, ಹಳೆಯ ಮರದ ವಾಸನೆ. ಬಾಗಿದ ಭಾರೀ ತೊಲೆಗಳು ಎರಡೂ ಕಡೆಯಿಂದ ಎದ್ದು ನೆತ್ತಿಯ ಮೇಲೆ ಕೂಡಿಕೊಳ್ಳುತ್ತವೆ, ದೋಣಿಯೊಂದನ್ನು ಮಗುಚಿ ಹಾಕಿದ ಹಾಗೆ. ಒಕ್ಕಲುಗಳು ಕಾಳು, ತೊಗಲು, ಕುರಿಯುಣ್ಣೆ ಹೊತ್ತು ತಂದು ಸುರಿದದ್ದು ಇಲ್ಲೇ. ಪಕ್ಕಕ್ಕೇ ಅಂಟಿಕೊಂಡಂತೆ ಗುಮ್ಮಟದ ಪುಟ್ಟ ಕಲ್ಲುಕೋಣೆ. ಅದಕ್ಕೆ ಕುರುಡುಮನೆ ಎಂದು ಹೆಸರು, ಕಿಟಕಿಯಿಲ್ಲ. ಕುಡಿದು ಗಲಾಟೆ ಮಾಡಿದವನನ್ನು ರಾತ್ರಿ ಇದರೊಳಗೆ ತಳ್ಳಿ ಬಾಗಿಲು ಹಾಕುತ್ತಿದ್ದರು.

ವೆಸ್ಟ್ ಸ್ಟ್ರೀಟಿನ ಜಾರ್ಜ್ ಇನ್‌ಗೆ ಬನ್ನಿ. ಒಲೆಯ ಬದಿಗೆ, ಗೋಡೆಯ ಮೇಲೆ ಒಂದು ಮರದ ಚಕ್ರ. ಒಳಗೆ ನಾಯಿಯೊಂದನ್ನು ಬಿಟ್ಟು ಓಡಿಸುತ್ತಿದ್ದರು. ಅದು ಓಡಿದಷ್ಟೂ ಕೆಳಗೆ ಬೆಂಕಿಯ ಮುಂದೆ ಸಲಾಕೆಗೆ ಚುಚ್ಚಿದ ಮಾಂಸ ತಿರುಗುತ್ತ ಬೇಯುತ್ತಿತ್ತು. ಆ ಕೆಲಸಕ್ಕೆಂದೇ ಗಿಡ್ಡಕಾಲಿನ ತಳಿಯೊಂದನ್ನು ಸಾಕುತ್ತಿದ್ದರಂತೆ. ಮೂಗಿಗೆ ಬಾಡಿನ ವಾಸನೆ, ಕಾಲ ಕೆಳಗೆ ಎಂದೂ ಮುಗಿಯದ ದಾರಿ! ನಿಮ್ಮ ಕೈ ತಾನಾಗಿ ಚಕ್ರದತ್ತ ಚಾಚುತ್ತದೆ, ಮತ್ತೆ ಹಿಂದೆ ಸರಿಯುತ್ತದೆ.

ಈ ಮನೆಗಳೆಲ್ಲ ಹೀಗೇ ಉಳಿದದ್ದು ಊರಿನವರ ಕಲಾಭಿಮಾನದಿಂದ ಎಂದುಕೊಂಡರೆ ತಪ್ಪಾದೀತು. ಕೆಡವಿ ಕಟ್ಟಲು ಮನೆ ಅವರದ್ದಾಗಿರಬೇಕಲ್ಲ? ಸಾಲಿಸ್ಬರಿಯ ಕೌಂಟೆಸ್ ಈಲಾ 1232ರಲ್ಲಿ ಸಂನ್ಯಾಸಿನಿಯರ ಮಠ ಕಟ್ಟಿಸಿದಳು; ಊರು ಮಠದ್ದಾಯಿತು. 1539ರಲ್ಲಿ ಎಂಟನೆಯ ಹೆನ್ರಿ ಮಠ ಮುಚ್ಚಿಸಿದ ಮೇಲೆ ವಿಲಿಯಂ ಶಾರಿಂಗ್ಟನ್ ಕೊಂಡುಕೊಂಡ. ಮುಂದೆ ಬ್ರಿಸ್ಟಲ್ ಟಂಕಸಾಲೆಯಲ್ಲಿದ್ದುಕೊಂಡೇ ನಾಣ್ಯದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಭೂಪ ಈತ. ಬಳಿಕ ಟಾಲ್ಬಟ್ ಮನೆತನ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠ, ಊರು ಎರಡನ್ನೂ ಹಳೆಯ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟಿಗೆ ಬರೆದುಕೊಟ್ಟರು. ಒಡೆಯರು ಬದಲಾದರು, ಬಾಡಿಗೆದಾರರು ಬಾಡಿಗೆದಾರರಾಗಿಯೇ ಉಳಿದರು. ಇವತ್ತಿಗೂ ಹೆಚ್ಚಿನ ಮನೆಗಳು ಟ್ರಸ್ಟಿನವೇ. ಕಿಟಕಿಯೊಂದರ ಮುಂದೆ ನೀವು ಫೋಟೊ ತೆಗೆಯಲು ನಿಂತಾಗ ಒಳಗಿನಿಂದ ಯಾರೋ ಪರದೆ ಎಳೆದುಕೊಳ್ಳುತ್ತಾರೆ. ಸರಿ, ಮುಂದೆ ಹೋಗೋಣ.

ಮಠ ಊರಿನ ಅಂಚಿನಲ್ಲಿ, ಹುಲ್ಲುಬಯಲಿನ ನಡುವೆ. ಶಾರಿಂಗ್ಟನ್ ಮಠದ ಚರ್ಚನ್ನು ಕೆಡವಿಸಿದ. ಕಮಾನುಗಳ ಪಡಸಾಲೆಯನ್ನು ಮುಟ್ಟಲಿಲ್ಲ. ನಿಮ್ಮ ಹೆಜ್ಜೆಯ ಸದ್ದು ಅದರ ಉದ್ದಕ್ಕೂ ನಿಮ್ಮ ಮುಂದೆ ಮುಂದೆಯೇ ಹೋಗುತ್ತದೆ. ಮಹಡಿ ಹತ್ತಿ ದಕ್ಷಿಣದ ಮೊಗಸಾಲೆಗೆ ಬಂದರೆ, ಎದುರಿಗೆ ಆ ಕಿಟಕಿ.

ಕಿಟಕಿ ಅಷ್ಟೇನೂ ದೊಡ್ಡದಲ್ಲ. ಸೀಸದ ಪಟ್ಟಿಗಳ ನಡುವೆ ಕೂರಿಸಿದ ಸಣ್ಣ ಸಣ್ಣ ಗಾಜು. 1835ರ ಆಗಸ್ಟ್‌ನಲ್ಲಿ ಈ ಮನೆಯ ಯಜಮಾನ ಹೆನ್ರಿ ಫಾಕ್ಸ್ ಟಾಲ್ಬಟ್ ಇದಕ್ಕೆದುರಾಗಿ ಒಂದು ಪುಟ್ಟ ಮರದ ಪೆಟ್ಟಿಗೆ ಇಟ್ಟ. ಒಳಗೆ ಬೆಳ್ಳಿಯ ಲವಣ ಸವರಿದ ಕಾಗದ. ಮನೆಯಲ್ಲಿ ಎಲ್ಲೆಂದರಲ್ಲಿ ಇಂಥ ಪೆಟ್ಟಿಗೆಗಳನ್ನು ಕಂಡು ಹೆಂಡತಿ ಕಾನ್ಸ್ಟನ್ಸ್ ಅವಕ್ಕೆ ಇಲಿಬೋನು ಎಂದೇ ಹೆಸರಿಟ್ಟಿದ್ದಳು. ಆ ಬೋನಿಗೆ ಬಿದ್ದದ್ದು ಅಂಚೆಚೀಟಿಯಷ್ಟು ಚಿತ್ರ, ಬೆಳಕೆಲ್ಲ ಕಪ್ಪಾಗಿ, ಕಪ್ಪೆಲ್ಲ ಬೆಳಕಾಗಿ. ಈಗ ಉಳಿದಿರುವ ಫೋಟೊ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಹೊಸದರಲ್ಲಿ ಭೂತಗಾಜು ಹಿಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಿತ್ತು ಎಂದು ಟಾಲ್ಬಟ್ ಬರೆದಿಟ್ಟಿದ್ದಾನೆ.

ನೀವೂ ಎಣಿಸತೊಡಗುತ್ತೀರಿ. ನಲವತ್ತು ದಾಟುವಷ್ಟರಲ್ಲಿ ಮೋಡ ಸರಿದು ಬಿಸಿಲು ನೇರ ಕಣ್ಣಿಗೇ ಬೀಳುತ್ತದೆ. ಲೆಕ್ಕ ತಪ್ಪುತ್ತದೆ. ಮತ್ತೆ ಮೇಲಿನ ಸಾಲಿನಿಂದ: ಒಂದು, ಎರಡು, ಮೂರು…